ಕಡತದ ಹೊರೆ, ಲ್ಯಾಪ್‌ಟಾಪಿನ ಹೊರೆ

ಕಳೆದ ಶ್ರಾವಣದ ಒಂದು ಮುಂಜಾನೆ ಬೆಟಗೇರಿಯ ನಮ್ಮ ಓಣಿಯ ಕಿರಾಣಿ ಅಂಗಡಿಗೆ ಹೋಗಿ, ಸಕ್ಕರೆ ತೂಗುವ ತಕ್ಕಡಿಯ ಮೇಲೆ ನನ್ನ ಲ್ಯಾಪ್‌ಟಾಪಿನ ಚೀಲವನ್ನು ಇಟ್ಟೆ. ಅಂಗಡಿಯವರು ನಕ್ಕು, "ಸರ್, ಇದನ್ನೂ ಕಿಲೋ ಲೆಕ್ಕದಾಗ ಮಾರ್ತೀರೇನ್ರಿ?" ಎಂದರು. ಮಾರುವ ಉದ್ದೇಶ ನನಗಿರಲಿಲ್ಲ. ಬಲ ಹೆಗಲಿನ ನೋವಿಗೆ ಔಷಧ ಕೊಟ್ಟ ವೈದ್ಯರು, ಆ ಹೆಗಲಿಗೆ ಭಾರ ಹಾಕಬಾರದೆಂದು ಕಟ್ಟಪ್ಪಣೆ ಮಾಡಿದ್ದರು. ಹಾಗಾದರೆ ಇಷ್ಟು ದಿನ ನಾನು ಹೊತ್ತ ಭಾರವೆಷ್ಟು ಎಂಬುದನ್ನು ತಿಳಿಯಬೇಕೆನಿಸಿತ್ತು. ತಕ್ಕಡಿ ತೋರಿಸಿದ್ದು ೪ ಕಿಲೋ ೭೦೦ ಗ್ರಾಂ.

ನಿವೃತ್ತಿಯ ಅನಂತರ ನಾನೊಂದು ಕೆಲಸವನ್ನು ಹಚ್ಚಿಕೊಂಡಿದ್ದೇನೆ. ಸ್ವಾತಂತ್ರ್ಯಪೂರ್ವದಲ್ಲಿ ನಮ್ಮ ಈ ಸಣ್ಣ ಸೀಮೆಯಲ್ಲಿ ಮೂರು ಆಡಳಿತಗಳಿದ್ದವು. ಶಿರಹಟ್ಟಿ ಸಾಂಗಲಿ ಸಂಸ್ಥಾನಕ್ಕೆ ಸೇರಿತ್ತು. ಲಕ್ಷ್ಮೇಶ್ವರ ಮಿರಜ ಸಂಸ್ಥಾನಕ್ಕೆ ಸೇರಿತ್ತು. ಗದಗ ಮತ್ತು ಮುಂಡರಗಿಗಳು ಮುಂಬಯಿ ಇಲಾಖೆಯ ಧಾರವಾಡ ಜಿಲ್ಲೆಯಲ್ಲಿದ್ದವು. ೧೯೪೮ರಲ್ಲಿ ಸಂಸ್ಥಾನಗಳು ವಿಲೀನಗೊಂಡವು. ಅದಕ್ಕೂ ಮುನ್ನ ಇಲ್ಲಿಯ ಶಾಲೆಗಳಲ್ಲಿ ಅಕ್ಷರ ಕಲಿತ ಹಿರಿಯರು ಈಗ ತೊಂಬತ್ತರ ಆಸುಪಾಸಿನಲ್ಲಿದ್ದಾರೆ. ಅವರನ್ನು ಕಂಡು, ಅವರ ನೆನಪುಗಳನ್ನು ಬರೆದುಕೊಳ್ಳುವುದಕ್ಕಾಗಿ ವಾರಕ್ಕೊಮ್ಮೆಯಾದರೂ ಬಸ್ಸು ಹತ್ತುತ್ತೇನೆ. ಅವರು ಕಾಯುವ ವಯಸ್ಸಿನವರಲ್ಲ. ಆದ್ದರಿಂದ ಹೆಗಲು ನೋಯುತ್ತದೆಂದು ತಿರುಗಾಟವನ್ನು ನಿಲ್ಲಿಸುವಂತಿಲ್ಲ, ಹೊರೆಯನ್ನೇ ಇಳಿಸಬೇಕು.

ಹೊಸ ಹಗುರ ಯಂತ್ರವನ್ನು ಕೊಳ್ಳಬಾರದೇ ಎಂದು ಮಗ ಕೇಳಿದ. ನನ್ನದು ೨೦೧೨ರಲ್ಲಿ ಅವನೇ ಕೊಂಡು, ಮುಂದೆ ನನಗೆ ಬಿಟ್ಟುಕೊಟ್ಟ ಲ್ಯಾಪ್‌ಟಾಪು. ಅಗಲವಾದ ಪರದೆ, ಅಚ್ಚುಕಟ್ಟಾದ ಕೀಲಿಮಣೆ. ಕನ್ನಡ ಟೈಪು ಮಾಡಲು ನನ್ನ ಬೆರಳುಗಳಿಗೆ ಒಗ್ಗಿಹೋಗಿದೆ. ಕೆಲಸ ಮಾಡುತ್ತಿರುವ ಎತ್ತನ್ನು ಭಾರವೆಂದು ಮಾರುವವರುಂಟೇ? ಇದ್ದುದನ್ನೇ ಹಗುರ ಮಾಡೋಣವೆಂದು ನಿಶ್ಚಯಿಸಿದೆ.

ಮೂವತ್ತಕ್ಕೂ ಹೆಚ್ಚು ವರುಷ ಸಮಾಜ ವಿಜ್ಞಾನ ಕಲಿಸಿದವನಿಗೆ ಯಾವ ಕೆಲಸ ಹಿಡಿದರೂ ಅದರ ಇತಿಹಾಸ ನೆನಪಾಗದೆ ಇರುವುದಿಲ್ಲ. ನನಗಿಂತ ಮೊದಲು ಇದೇ ದಾರಿಗಳಲ್ಲಿ ಬರವಣಿಗೆಯನ್ನು ಹೊತ್ತು ತಿರುಗಿದವರು ತಮ್ಮ ಹೊರೆಯನ್ನು ಹೇಗೆ ಇಳಿಸಿಕೊಂಡರು?

ಮೊದಲಿಗೆ ಕಲ್ಲು. ಲಕ್ಷ್ಮೇಶ್ವರವೆಂದರೆ ಪ್ರಾಚೀನ ಪುಲಿಗೆರೆ. 'ಪುಲಿಗೆರೆ ಮುನ್ನೂರು' ಎಂಬ ನಾಡಿನ ಕೇಂದ್ರ. ತಿರುಳ್ಗನ್ನಡದ ಸೀಮೆಯನ್ನು ಹೇಳುವಾಗ ಕವಿರಾಜಮಾರ್ಗವು ಹೆಸರಿಸುವ ನಾಲ್ಕು ಊರುಗಳಲ್ಲಿ ಇದೂ ಒಂದು. ಅಲ್ಲಿಯ ಶಾಸನಗಳು ಬಾದಾಮಿ ಚಾಲುಕ್ಯರ ಕಾಲದಷ್ಟು ಹಳೆಯವು. ಕಲ್ಲಿನ ಭಾರವೇ ಅದರ ಗುಣ. ದಾನಶಾಸನವು ದಾನ ಕೊಟ್ಟ ನೆಲದಲ್ಲಿಯೇ ನಿಲ್ಲಬೇಕು. ಯಾರೂ ಹೊತ್ತೊಯ್ಯಬಾರದು, ಯಾರೂ ತಿದ್ದಬಾರದು. ಓದಬೇಕಾದವನು ತಾನೇ ಅದರ ಬಳಿಗೆ ನಡೆದು ಬರಬೇಕು.

ಹತ್ತೊಂಬತ್ತನೆಯ ಶತಮಾನದಲ್ಲಿ ಆ ಕಲ್ಲುಗಳ ಮಾತು ಮಾತ್ರ ಊರು ಬಿಟ್ಟು ಹೊರಟಿತು. ೧೮೨೪ರ ಕಿತ್ತೂರು ದಂಗೆಯಲ್ಲಿ ಸೆರೆಸಿಕ್ಕಿದ್ದ ವಾಲ್ಟರ್ ಎಲಿಯಟ್ ಎಂಬ ಅಧಿಕಾರಿ, ಧಾರವಾಡ ಸೀಮೆಯಲ್ಲಿದ್ದ ಕಾಲದಿಂದ ಶಾಸನಗಳ ನಕಲುಗಳನ್ನು ಕೂಡಿಸುತ್ತ ಬಂದು, ಆರಿಸಿದ ೫೯೫ ಶಾಸನಗಳ ಹಸ್ತಪ್ರತಿ ಸಂಪುಟಗಳನ್ನು ಸಿದ್ಧಪಡಿಸಿದನು. ಫ್ಲೀಟ್ ಎಂಬ ವಿದ್ವಾಂಸನು ಲಕ್ಷ್ಮೇಶ್ವರದ ಶಾಸನಗಳನ್ನು 'ಇಂಡಿಯನ್ ಆಂಟಿಕ್ವೆರಿ' ಪತ್ರಿಕೆಯಲ್ಲಿ ಪ್ರಕಟಿಸಿದನು. ಶಾಸನದ ಪಡಿಯಚ್ಚು ತೆಗೆಯುವ ಕ್ರಮವನ್ನು ನೋಡಿದವರು ಬಲ್ಲರು: ಕಲ್ಲನ್ನು ತೊಳೆದು, ಒದ್ದೆಯ ಕಾಗದವನ್ನು ಹಚ್ಚಿ, ಅಕ್ಷರದ ತಗ್ಗಿನೊಳಗೆ ಅದು ಇಳಿಯುವಂತೆ ಕುಂಚದಿಂದ ಬಡಿದು, ಮೇಲೆ ಮಸಿ ಲೇಪಿಸುತ್ತಾರೆ. ಒಣಗಿದ ಮೇಲೆ ಬಿಡಿಸಿದರೆ ಹಲವು ಆಳು ಎತ್ತಲಾರದ ಬಂಡೆ ಕಂಕುಳಲ್ಲಿ ಹಿಡಿಯುವ ಸುರುಳಿಯಾಗುತ್ತದೆ. ಕಲ್ಲು ಮಾತ್ರ ತನ್ನ ಸ್ಥಳದಲ್ಲಿಯೇ ಉಳಿಯುತ್ತದೆ. ಈ ಮಾತನ್ನು ನೆನಪಿಡಿರಿ, ಮುಂದೆ ಬೇಕಾಗುತ್ತದೆ.

ಗದಗಿನ ನೆರೆಯ ಲಕ್ಕುಂಡಿಯಲ್ಲಿ ಬ್ರಹ್ಮಜಿನಾಲಯವನ್ನು ಕಟ್ಟಿಸಿದ ದಾನಚಿಂತಾಮಣಿ ಅತ್ತಿಮಬ್ಬೆಯನ್ನು ನಾವು ಬಲ್ಲೆವು. ಅಲ್ಲಿಯ ಶಾಸನದ ಕಾಲ ಕ್ರಿ.ಶ. ೧೦೦೭. ಆಕೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದಳೆಂಬುದು ಸಾಹಿತ್ಯ ಚರಿತ್ರೆಯ ಹೆಮ್ಮೆಯ ಮಾತು. ಓಲೆಗರಿ ಹಗುರ, ಆದರೆ ಗೆದ್ದಲಿಗೂ ಬೆಂಕಿಗೂ ಅದು ಸುಲಭದ ತುತ್ತು. ಹಗುರವಾದುದು ಉಳಿಯಬೇಕಾದರೆ ಒಂದೇ ಇದ್ದರೆ ಸಾಲದು, ಸಾವಿರವಿರಬೇಕು ಎಂಬ ವಿವೇಕ ಆ ತಾಯಿಗೆ ಸಾವಿರ ವರುಷಗಳ ಹಿಂದೆಯೇ ಇತ್ತು.

ಇನ್ನು ಗದಗಿನ ವೀರನಾರಾಯಣನ ಸನ್ನಿಧಿಯಲ್ಲಿ ಕಾವ್ಯ ರಚಿಸಿದ ಕುಮಾರವ್ಯಾಸ. ಬರೆದು, ಒರೆಸಿ, ತಿದ್ದುವುದಕ್ಕೆ ಬೇಕಾಗುವ ಹಲಗೆ-ಬಳಪಗಳ ಹಂಗು ತನಗಿಲ್ಲವೆಂಬುದನ್ನು ಆ ಮಹಾಕವಿ ತನ್ನ ಹಿರಿಮೆಗಳಲ್ಲಿ ಒಂದೆಂದು ಹೇಳಿಕೊಂಡಿದ್ದಾನೆ. ಹೊರೆ ಇಳಿಸುವುದರಲ್ಲಿ ಇದಕ್ಕಿಂತ ಮುಂದೆ ಹೋಗುವುದು ಸಾಧ್ಯವಿಲ್ಲ. ಆದರೆ ಅದು ಕುಮಾರವ್ಯಾಸನಿಗೆ ಮಾತ್ರ ಸಾಧ್ಯ. ನಮ್ಮಂಥವರಿಗೆ ಒರೆಸಿ ತಿದ್ದುವ ಸಾಧನ ಬೇಕೇ ಬೇಕು.

ಲೆಕ್ಕ ಬರೆಯುವವರಿಗೂ ಅದು ಬೇಕಾಗಿತ್ತು. ಅವರು ಕಂಡುಕೊಂಡ ಉಪಾಯವೇ ಕಡತ. ಬಟ್ಟೆಗೆ ಹುಣಸೆಬೀಜದ ಅಂಟು ಮತ್ತು ಇದ್ದಿಲ ಪುಡಿಯನ್ನು ಲೇಪಿಸಿ, ಒಣಗಿಸಿ, ಹಿಂದು ಮುಂದಾಗಿ ಮಡಿಸಿದರೆ ಕರಿಹಲಗೆಯೇ ಪುಸ್ತಕವಾಗುತ್ತಿತ್ತು. ಅದರ ಮೇಲೆ ಬಳಪದಿಂದ ಬಿಳಿಯ ಅಕ್ಷರಗಳನ್ನು ಬರೆಯುತ್ತಿದ್ದರು. ಬೇಡವಾದರೆ ಒರೆಸಿ, ಮತ್ತೆ ಮಸಿ ಲೇಪಿಸಬಹುದು. ಶಾನುಭೋಗರು, ಕುಲಕರ್ಣಿಗಳು, ವರ್ತಕರು ಊರಿಂದೂರಿಗೆ ಒಯ್ಯುತ್ತಿದ್ದುದು ಇದನ್ನೇ. ಶೃಂಗೇರಿ ಮಠದ ಕಡತಗಳು ಇತಿಹಾಸಕಾರರಿಗೆ ದೊಡ್ಡ ನಿಧಿಯಾಗಿವೆ. ಒರೆಸಬಹುದಾದ ಅಕ್ಷರವೂ ಒಣ ಜಾಗದಲ್ಲಿ ಜೋಪಾನವಾಗಿಟ್ಟರೆ ಶತಮಾನಗಳನ್ನು ದಾಟುತ್ತದೆಂಬುದಕ್ಕೆ ಅವೇ ಸಾಕ್ಷಿ. ಸರಕಾರಿ ಕಚೇರಿಗಳಲ್ಲಿ ಫೈಲಿಗೆ ಇಂದಿಗೂ ಕಡತವೆಂದೇ ಹೆಸರು.

ನಮ್ಮ ಬಾಲ್ಯದಲ್ಲಿ ಕಡತದ ಸ್ಥಾನಕ್ಕೆ ಪಾಟಿ ಬಂದಿತ್ತು. ಒಂದು ಪಾಟಿ, ಒಂದೆರಡು ತುಂಡು ಬಳಪ, ಒಂದು ಪುಸ್ತಕ. ಇಷ್ಟೇ ನಮ್ಮ ಪಾಟೀಚೀಲದ ಸಂಪತ್ತು. ಶಿಕ್ಷಕನಾದ ಮೇಲೆ ಆ ಚೀಲ ವರುಷ ವರುಷವೂ ಊದಿಕೊಳ್ಳುವುದನ್ನು ಕಣ್ಣಾರೆ ಕಂಡೆ. ೧೯೮೯ರಲ್ಲಿ ಮೈಸೂರಿನ ಆರ್.ಕೆ. ನಾರಾಯಣರು ರಾಜ್ಯಸಭೆಯ ತಮ್ಮ ಮೊದಲ ಭಾಷಣವನ್ನು ಮಕ್ಕಳ ಪುಸ್ತಕದ ಹೊರೆಗೇ ಮೀಸಲಿಟ್ಟರು. ಮುಂದೆ ಪ್ರೊ. ಯಶಪಾಲರ ಸಮಿತಿ ೧೯೯೩ರಲ್ಲಿ ವರದಿ ಕೊಟ್ಟಿತು. ಪುಸ್ತಕದ ಭಾರಕ್ಕಿಂತಲೂ ಅರ್ಥವಾಗದ ಪಾಠದ ಭಾರವೇ ದೊಡ್ಡದೆಂಬುದು ಅದರ ಸಾರ. ೨೦೧೯ರಲ್ಲಿ ಕರ್ನಾಟಕ ಸರಕಾರವು ತರಗತಿವಾರು ಮಿತಿಯನ್ನು ನಿಗದಿಪಡಿಸಿತು: ಒಂದು ಮತ್ತು ಎರಡನೆಯ ತರಗತಿಗೆ ಒಂದೂವರೆಯಿಂದ ಎರಡು ಕಿಲೋ, ಒಂಬತ್ತು ಮತ್ತು ಹತ್ತನೆಯ ತರಗತಿಗೆ ನಾಲ್ಕರಿಂದ ಐದು ಕಿಲೋ. ಅರುವತ್ತು ದಾಟಿದ ನಾನು ಹತ್ತನೆಯ ತರಗತಿಯ ಹುಡುಗನಷ್ಟೇ ಭಾರವನ್ನು ಹೊರುತ್ತಿದ್ದೆನೆಂದು ತಕ್ಕಡಿಯ ಮುಂದೆ ತಿಳಿಯಿತು!

ಗಣಕಯಂತ್ರಗಳ ಚರಿತ್ರೆಯೂ ಇದೇ ಜಾಡಿನಲ್ಲಿ ಸಾಗಿದೆ. ೧೯೮೧ರಲ್ಲಿ ಅಮೆರಿಕದಲ್ಲಿ ಮಾರಾಟಕ್ಕೆ ಬಂದ ಆಸ್ಬಾರ್ನ್-೧ 'ಹೊತ್ತೊಯ್ಯಬಹುದಾದ' ಕಂಪ್ಯೂಟರೆಂದು ಹೆಸರು ಪಡೆಯಿತು. ಅದರ ತೂಕ ಸುಮಾರು ೧೧ ಕಿಲೋ, ಎಂದರೆ ಒಂದು ಬಿಂದಿಗೆ ನೀರಿನಷ್ಟು. ೧೯೮೯ರ ಮ್ಯಾಕಿಂತೋಶ್ ಪೋರ್ಟಬಲ್ ಸುಮಾರು ೭ ಕಿಲೋ ತೂಗುತ್ತಿತ್ತು. ಅದರೊಳಗೆ ಮೋಟಾರು ವಾಹನಗಳಲ್ಲಿರುವ ಜಾತಿಯ ಸೀಸದ ಬ್ಯಾಟರಿ ಇತ್ತು. ಅದೇ ಕಂಪನಿಯ ಪವರ್‌ಬುಕ್ ೧೦೦ ಎಂಬುದು ೧೯೯೧ರಲ್ಲಿ ೨.೩ ಕಿಲೋಗೆ ಇಳಿಯಿತು. ಹೇಗೆಂದರೆ, ಫ್ಲಾಪಿ ಓದುವ ಭಾಗವನ್ನು ಒಳಗಿನಿಂದ ತೆಗೆದು, ಬೇಕಾದವರು ಹೊರಗಿನಿಂದ ಜೋಡಿಸಿಕೊಳ್ಳಲೆಂದು ಬಿಟ್ಟಿತು. ಅದೇ ವರುಷ ಸೋನಿ ಕಂಪನಿ ಲಿಥಿಯಂ-ಅಯಾನ್ ಬ್ಯಾಟರಿಯನ್ನು ಮಾರುಕಟ್ಟೆಗೆ ತಂದಿತು. ಮುಂದೆ ಹೊರೆ ಇಳಿಸಿದ ದೊಡ್ಡ ಉಪಕಾರ ಅದರದೇ. ೨೦೦೮ರ ಮ್ಯಾಕ್‌ಬುಕ್ ಏರ್ ಸಿ.ಡಿ. ಓದುವ ಭಾಗವನ್ನೂ ಕೈಬಿಟ್ಟು, ೧.೩೬ ಕಿಲೋಗೆ ಬಂದು ನಿಂತಿತು.

ನಮ್ಮ ಬೆಂಗಳೂರೂ ಈ ಪಂಕ್ತಿಯಲ್ಲಿದೆ. ಭಾರತೀಯ ವಿಜ್ಞಾನ ಸಂಸ್ಥೆಯ ವಿಜ್ಞಾನಿಗಳು ಮತ್ತು ಎನ್‌ಕೋರ್ ಸಂಸ್ಥೆಯವರು ಕೂಡಿ ರೂಪಿಸಿದ ಸಿಂಪ್ಯೂಟರ್, ಅಂಗೈಯಲ್ಲಿ ಹಿಡಿಯುವಂಥ ಯಂತ್ರವಾಗಿತ್ತು. ಅಕ್ಷರ ಬಾರದವರಿಗೂ ದೇಶಭಾಷೆಗಳಲ್ಲಿ ಉಪಯೋಗವಾಗಬೇಕೆಂಬುದು ಅದರ ಗುರಿ. ೨೦೦೪ರಲ್ಲಿ 'ಅಮಿಡಾ' ಎಂಬ ಹೆಸರಿನಿಂದ ಅದು ಮಾರುಕಟ್ಟೆಗೆ ಬಂದಿತು. ಭೂದಾಖಲೆಯ ಕೆಲಸಕ್ಕೆ ಕರ್ನಾಟಕ ಸರಕಾರವೂ ಅದನ್ನು ಬಳಸಿತು. ಕುಲಕರ್ಣಿಯ ಕಡತ ಮಾಡುತ್ತಿದ್ದ ಕೆಲಸವೇ ಅದು! ನಿರೀಕ್ಷಿಸಿದಷ್ಟು ಮಾರಾಟವಾಗದೆ ಸಿಂಪ್ಯೂಟರ್ ಹಿನ್ನೆಲೆಗೆ ಸರಿಯಿತಾದರೂ, ಆ ಕನಸು ಇಂದು ಪ್ರತಿಯೊಬ್ಬರ ಕಿಸೆಯ ಮೊಬೈಲಿನಲ್ಲಿದೆ.

ಈ ಎಲ್ಲ ಕಥೆಗಳಲ್ಲಿ ಸಮಾನವಾದ ಒಂದು ಅಂಶವನ್ನು ಗಮನಿಸಿದ್ದೀರಾ? ಹೊರೆ ತಾನಾಗಿಯೇ ಇಳಿಯುವುದು ಅಪರೂಪ. ಬಹುಮಟ್ಟಿಗೆ ಏನನ್ನಾದರೂ ಮನೆಯಲ್ಲಿ ಬಿಟ್ಟು ಬಂದಾಗಲೇ ಅದು ಇಳಿಯುತ್ತದೆ. ಏನನ್ನು ಬಿಡಬೇಕೆಂಬುದೇ ಪ್ರಶ್ನೆ.

ನಾನು ಬಿಟ್ಟುದರ ಲೆಕ್ಕವನ್ನು ಈಗ ಒಪ್ಪಿಸುತ್ತೇನೆ. ತಕ್ಕಡಿಯ ಮೇಲೆ ಒಂದೊಂದನ್ನೇ ಇಟ್ಟಾಗ ಲ್ಯಾಪ್‌ಟಾಪು ೨,೫೫೦ ಗ್ರಾಂ, ಚಾರ್ಜರು ವಾಯರು ಸಮೇತ ೫೪೦, ಬರಿಯ ಚೀಲವೇ ೯೩೦, ಮೌಸು ೧೧೦, ಹೊರಗಿನ ಹಾರ್ಡ್ ಡಿಸ್ಕು ೨೨೦, ಸಿ.ಡಿ.ಗಳ ಸಂಚಿ ೩೫೦. ಯಂತ್ರದ ಸುತ್ತಲಿನ ಸಂಸಾರವೇ ಎರಡು ಕಿಲೋ ಮೀರಿತ್ತು.

ಮೊದಲು ಯಂತ್ರದ ಒಳಗಿನ ಮಾತು. ಪ್ಲಗ್ಗು ಕಿತ್ತು, ಬ್ಯಾಟರಿಯನ್ನು ಕಳಚಿದ ಮೇಲೆಯೇ ತಿರುಪಿಗೆ ಕೈ ಹಚ್ಚಬೇಕು. ನನ್ನ ಯಂತ್ರದಲ್ಲಿ ಡಿ.ವಿ.ಡಿ. ಡ್ರೈವನ್ನು ಹಿಡಿದದ್ದು ಅಡಿಯ ಒಂದೇ ತಿರುಪು. ಅದನ್ನು ಬಿಚ್ಚಿದರೆ ಡ್ರೈವು ಪಕ್ಕದಿಂದ ಜಾರಿ ಹೊರಬರುತ್ತದೆ. ಆ ಜಾಗವನ್ನು ತೆರೆದು ಬಿಟ್ಟರೆ ಧೂಳು ತುಂಬುತ್ತದೆ, ಮೂಲೆ ಬಾಗಿ ಮುರಿಯಲೂಬಹುದು. ಆದ್ದರಿಂದ ಅದೇ ಅಳತೆಯ ಪೊಳ್ಳು ಪ್ಲಾಸ್ಟಿಕ್ ತುಂಡನ್ನು ತೂರಿಸಿದೆ. ಉಳಿದದ್ದು ೧೩೦ ಗ್ರಾಂ. ತಿರುಗುವ ತಟ್ಟೆಯ ಹಾರ್ಡ್ ಡಿಸ್ಕಿನ ಬದಲು ಎಸ್‌ಎಸ್‌ಡಿ ಹಾಕಿಸಿದಾಗ ಇನ್ನೂ ೬೦ ಗ್ರಾಂ ಇಳಿಯಿತು. ತೂಕದ ಲಾಭ ಅಲ್ಪವಾದರೂ ಬೇರೊಂದು ಲಾಭ ದೊಡ್ಡದು: ಒಳಗೆ ತಿರುಗುವುದು ಏನೂ ಇಲ್ಲವಾದ್ದರಿಂದ ಬಸ್ಸಿನ ಕುಲುಕಾಟಕ್ಕೆ ಅದು ಹೆದರುವುದಿಲ್ಲ.

ಬ್ಯಾಟರಿಯನ್ನೇ ತೆಗೆದಿಟ್ಟು ಹೋದರೆ ೩೨೦ ಗ್ರಾಂ ಉಳಿಯುತ್ತದೆಂಬ ಆಸೆಯೂ ಬಂದಿತು. ಹಳ್ಳಿಯ ಮನೆಯಲ್ಲಿ ಹಿರಿಯರ ಮಾತನ್ನು ಬರೆದುಕೊಳ್ಳುತ್ತಿರುವಾಗ ಕರೆಂಟು ಹೋದರೆ ಬರೆದದ್ದೆಲ್ಲ ಹೋದಂತೆಯೇ ಎಂದು ಆ ಆಸೆಯನ್ನು ಬಿಟ್ಟೆ.

ಇನ್ನು ಹೊರಗಿನದು. ಚಾರ್ಜರಿನ ಉದ್ದನೆಯ ದಪ್ಪ ವಾಯರಿನ ಬದಲು ಅದಕ್ಕೆ ಹೊಂದುವ ಗಿಡ್ಡ ವಾಯರು ತಂದೆ. ೧೨೦ ಗ್ರಾಂ ಇಳಿಯಿತು. ಮೌಸನ್ನು ಮನೆಯಲ್ಲಿ ಬಿಟ್ಟೆ. ಹೊರಗಿನ ಡಿಸ್ಕಿನ ಬದಲು ೧೦ ಗ್ರಾಮಿನ ಪೆನ್ ಡ್ರೈವು ಬಂದಿತು. ಸಿ.ಡಿ.ಗಳ ಸಂಚಿಯೂ ಮನೆಯಲ್ಲಿ ಉಳಿಯಿತು. ಚೀಲಕ್ಕಾಗಿ, ಕೌದಿ ಹೊಲಿಯುವ ನಮ್ಮ ಓಣಿಯ ತಾಯಿಯೊಬ್ಬರ ಬಳಿಗೆ ಹೋದೆ. ಹಳೆಯ ಸೀರೆಗಳ ನಾಲ್ಕೈದು ಪದರು ಹಾಕಿ, ಒತ್ತಾಗಿ ಹೊಲಿದು, ಎರಡೂ ಹೆಗಲಿಗೆ ಹಾಕುವ ಪಟ್ಟಿಯನ್ನಿಟ್ಟು ಕೊಟ್ಟರು. ಅದರ ತೂಕ ೨೬೦ ಗ್ರಾಂ. ಒಟ್ಟು ೩ ಕಿಲೋ ೫೦ ಗ್ರಾಂ. ಇಳಿದ ೧,೬೫೦ ಗ್ರಾಮಿನಲ್ಲಿ ಯಂತ್ರದಿಂದ ಇಳಿದದ್ದು ೧೯೦ ಮಾತ್ರ. ಉಳಿದ ೧,೪೬೦ ಗ್ರಾಂ ನನ್ನ ರೂಢಿಯ ಭಾರವಾಗಿತ್ತು. ಯಂತ್ರಕ್ಕೆ ತಿರುಪುಳಿ ಹಚ್ಚುವ ಮೊದಲು ಚೀಲವನ್ನು ಬರಿದು ಮಾಡಿ ನೋಡಿರೆಂದು ನನ್ನ ಸಮವಯಸ್ಕರಿಗೆ ಹೇಳುವುದು ಇದಕ್ಕಾಗಿಯೇ.

ಹಗುರಾದ ಚೀಲವನ್ನು ಬೆನ್ನಿಗೆ ಹಾಕಿಕೊಂಡು ಹುಮ್ಮಸ್ಸಿನಿಂದ ಲಕ್ಷ್ಮೇಶ್ವರಕ್ಕೆ ಹೋದೆ. ಅಲ್ಲಿ ಎಂಬತ್ತೆಂಟರ ಒಬ್ಬ ನಿವೃತ್ತ ಪ್ರಾಥಮಿಕ ಶಾಲಾ ಶಿಕ್ಷಕರಿದ್ದಾರೆ. ಅವರ ಹಿರಿಯರದು ಕುಲಕರ್ಣಿಕೆಯ ಮನೆತನ. ಮಿರಜ ಸಂಸ್ಥಾನದ ಕಾಲದ ಶಾಲೆಯನ್ನು ಕುರಿತು ಎರಡು ತಾಸು ಹೇಳಿದರು, ನಾನು ಬರೆದುಕೊಂಡೆ. ಹೊರಡುವಾಗ ಪೆಟ್ಟಿಗೆಯಿಂದ ಒಂದು ಸಿ.ಡಿ. ತೆಗೆದು, "ಸರ್, ಇದರಾಗ ನಮ್ಮ ಮುತ್ತಜ್ಜಾರ ಕಡತ ಐತ್ರಿ. ನನ್ನ ಕಣ್ಣು ಪೂರಾ ಹೋಗೂದ್ರೊಳಗ ಒಮ್ಮೆ ತೋರಸ್ರಿ" ಎಂದರು. ೨೦೦೬ರಲ್ಲಿ ಹಳೆಯ ಮನೆಯನ್ನು ಕೆಡವುವಾಗ ಅವರ ಮಕ್ಕಳು ಕಡತದ ಅರುವತ್ತು ಪುಟಗಳ ಚಿತ್ರ ತೆಗೆದು ಆ ಸಿ.ಡಿ.ಯಲ್ಲಿ ಹಾಕಿದ್ದರಂತೆ.

ನನ್ನ ಡ್ರೈವು ಬೆಟಗೇರಿಯ ಮನೆಯ ಕಪಾಟಿನಲ್ಲಿತ್ತು. ಅದರ ಜಾಗದಲ್ಲಿದ್ದದ್ದು ಪೊಳ್ಳು ಪ್ಲಾಸ್ಟಿಕ್ ತುಂಡು. ನಾಚಿಕೆಯಿಂದ ವಿಷಯ ತಿಳಿಸಿ, ಮುಂದಿನ ವಾರ ಬರುವೆನೆಂದೆ. "ಮೂಲ ಕಡತ ಎಲ್ಲದರೀ?" ಎಂದು ಕೇಳಿದೆ. ಅವರು ತುಸು ಹೊತ್ತು ಸುಮ್ಮನಿದ್ದು, "ಸಿ.ಡಿ.ಯಾಗ ಬಂತಲ್ಲ, ಮತ್ತ ಆ ಗಂಟು ಯಾಕ ಹೊತ್ಕೊಂಡು ತಿರಗೂದು ಅಂದ್ರು ಹುಡುಗ್ರು. ಅಮಾಸಿ ದಿನ ಪೂಜಾ ಮಾಡಿ ಹೊಳಿಗೆ ಬಿಟ್ವಿ" ಎಂದರು. ಹಳೆಯ ಗ್ರಂಥಗಳನ್ನು ಬೀದಿಗೆ ಎಸೆಯದೆ ನದಿಗೆ ಬಿಡುವುದು ನಮ್ಮಲ್ಲಿ ಗೌರವದ ಸಂಪ್ರದಾಯ. ತುಂಗಭದ್ರೆ ಎಷ್ಟು ಮನೆಗಳ ಚರಿತ್ರೆಯನ್ನು ಹೀಗೆ ಒಡಲಲ್ಲಿ ಇಟ್ಟುಕೊಂಡಿದ್ದಾಳೋ!

ಮುಂದಿನ ವಾರ ಡ್ರೈವನ್ನು ಮರಳಿ ಜೋಡಿಸಿಕೊಂಡು ಹೋದೆ. ಸಿ.ಡಿ. ಬಹಳ ಹೊತ್ತು ಗರಗರ ತಿರುಗಿತು. ಅರುವತ್ತರಲ್ಲಿ ತೆರೆದದ್ದು ಹನ್ನೊಂದೇ ಪುಟ. ಅವರ ಒಪ್ಪಿಗೆ ಪಡೆದು ಗದಗಿಗೆ ಒಯ್ದು, ಬೇರೆ ಎರಡು ಡ್ರೈವುಗಳಲ್ಲಿ ಹಾಕಿ ನೋಡಿಸಿದೆ, ಹನ್ನೆರಡನೆಯದು ಬರಲಿಲ್ಲ. ಮನೆಯಲ್ಲಿ ತುಂಬಿಕೊಳ್ಳುವ ಸಿ.ಡಿ.ಯಲ್ಲಿ ಅಕ್ಷರಗಳು ಕೊರೆಯಲ್ಪಡುವುದಿಲ್ಲ. ಲೇಸರಿನ ಶಾಖಕ್ಕೆ ಒಂದು ಬಣ್ಣದ ಪದರು ಮಾರ್ಪಡುತ್ತದೆ, ಅಷ್ಟೇ. ಸೆಕೆ, ತೇವ, ಬಿಸಿಲುಗಳಿಗೆ ಆ ಪದರು ಕಾಲಕ್ರಮದಲ್ಲಿ ಮಾಸುತ್ತದೆ. ಹುಣಸೆಬೀಜದ ಅಂಟು ನಾಲ್ಕು ತಲೆಮಾರು ಕಾಯ್ದುಕೊಂಡು ಬಂದುದನ್ನು ಹೊಳೆಯುವ ತಟ್ಟೆ ಇಪ್ಪತ್ತು ವರುಷವೂ ಕಾಯಲಿಲ್ಲ.

ತಪ್ಪು ಯಾರದು? ಮಕ್ಕಳು ಅಕ್ಕರೆಯಿಂದಲೇ ಚಿತ್ರ ತೆಗೆದಿದ್ದರು. ಭಕ್ತಿಯಿಂದಲೇ ಹೊಳೆಗೆ ಬಿಟ್ಟಿದ್ದರು. ನಾನು ಡ್ರೈವನ್ನು ತೆಗೆದಂತೆಯೇ ಅವರೂ ಬೇಡದ ಭಾರವನ್ನು ಇಳಿಸಿದ್ದರು. ವ್ಯತ್ಯಾಸ ಒಂದೇ: ನನ್ನ ಡ್ರೈವು ಕಪಾಟಿನಲ್ಲಿತ್ತು, ಅವರ ಕಡತ ಹೊಳೆಯಲ್ಲಿತ್ತು. ಎಲಿಯಟ್ ಸಾಹೇಬನು ನಕಲು ಒಯ್ದ ಮೇಲೂ ಕಲ್ಲು ಪುಲಿಗೆರೆಯಲ್ಲಿಯೇ ನಿಂತಿತು. ಅತ್ತಿಮಬ್ಬೆ ಸಾವಿರ ಪ್ರತಿಗಳನ್ನು ಮಾಡಿಸಿದಳು. ಹಗುರ ಮಾಡುವುದು ದೋಷವಲ್ಲ. ಇರುವ ಒಂದನ್ನೇ ಬಿಟ್ಟುಕೊಡುವುದು ದೋಷ. 'ಇದು ಬೇರೆ ಎಲ್ಲಿಯಾದರೂ ಇದೆಯೇ?' ಎಂದು ಕೇಳಿಕೊಂಡು, ಇದೆಯೆಂದು ಕಣ್ಣಾರೆ ಕಂಡ ಮೇಲೆಯೇ ಕೈಬಿಡಬೇಕು.

ಆ ಹನ್ನೊಂದು ಪುಟಗಳನ್ನು ಮೂರು ಕಡೆ ನಕಲು ಮಾಡಿಟ್ಟೆ. ಗದಗಿನಲ್ಲಿ ದೊಡ್ಡ ಅಕ್ಷರದಲ್ಲಿ ಮುದ್ರಿಸಿ, ಲಕ್ಷ್ಮೇಶ್ವರಕ್ಕೆ ಒಯ್ದು ಹಿರಿಯರ ಕೈಗಿತ್ತೆ. ಅವರು ಭೂತಗನ್ನಡಿ ಹಿಡಿದು, ಜೋಳದ ಲೆಕ್ಕದ ನಡುವೆ ಒಂದು ಹೆಸರಿನ ಮೇಲೆ ಬೆರಳಿಟ್ಟು, "ಇವರು ನಮ್ಮ ಮುತ್ತಜ್ಜಾರು" ಎಂದರು. ಮತ್ತೆ ಮೊದಲ ಹಾಳೆಯಿಂದ ಓದತೊಡಗಿದರು. ಹನ್ನೊಂದು ಹಾಳೆಗಳ ತೂಕ ೫೫ ಗ್ರಾಂ. ಆ ದಿನ ನನ್ನ ಹೊರೆ ಅಷ್ಟು ಹೆಚ್ಚಾಗಿತ್ತು. ಹೆಗಲಿಗೆ ತಿಳಿಯಲೇ ಇಲ್ಲ.

ಓದುಗ ಮಿತ್ರರೇ, ನಿಮ್ಮ ಕಪಾಟಿನಲ್ಲಿಯೂ ಇಂಥ ಸಿ.ಡಿ.ಗಳಿರಬಹುದು: ಮದುವೆಯ ಚಿತ್ರ, ತಾಯಿಯ ದನಿ, ಹೊಲದ ಹಳೆಯ ಕಾಗದ. ಈ ಭಾನುವಾರ ಅವುಗಳನ್ನು ತೆಗೆದು ಒಮ್ಮೆ ಓಡಿಸಿ ನೋಡಿರಿ. ಮೂಲ ಮನೆಯಲ್ಲಿದ್ದರೆ ಅದನ್ನು ಯಾವ ಅಮಾವಾಸ್ಯೆಯಂದೂ ಹೊಳೆಗೆ ಬಿಡಬೇಡಿರಿ. ಪ್ರಯಾಣದ ಹೊರೆಯನ್ನು ಇಳಿಸುವುದು ಅದರ ಮುಂದಿನ ಕೆಲಸ.